ಕಾಡು ನುಂಗಿದ ಗಾಡಿ ರಸ್ತೆ: ಯೊಸೆಮಿಟಿಯಲ್ಲಿ 1897ರ ನಕ್ಷೆ ಹಿಡಿದು ನಡೆದ ಒಂದು ಪ್ರಕರಣ

ಕಲ್ಲಿನ ಸಂದಿಗೆ ಬೆರಳು ತೂರಿಸಿ ನೋಡಿ ಅಪ್ಪ ನನ್ನ ಕಡೆ ತಿರುಗಿದರು. "ಗಾರೆ ಇಲ್ಲ ಮಾರಾಯ. ಬರೀ ಕಲ್ಲಿನ ಮೇಲೆ ಕಲ್ಲು. ಆದ್ರೂ ಎಲ್ಲೂ ಉಬ್ಬಿಲ್ಲ ನೋಡು."

ಅಪ್ಪ ನಿವೃತ್ತರಾಗುವವರೆಗೂ ಲೋಕೋಪಯೋಗಿ ಇಲಾಖೆಯಲ್ಲಿದ್ದವರು. ಚಿಕ್ಕಮಗಳೂರು ಕಡೆಯ ಘಾಟಿ ರಸ್ತೆಗಳಲ್ಲಿ ಮಳೆಗಾಲ ಕಳೆದವರು. ಕ್ಯಾಲಿಫೋರ್ನಿಯಾಕ್ಕೆ ನಮ್ಮ ಮನೆಗೆ ಬಂದು ತಿಂಗಳಾಗಿತ್ತು. ಯೊಸೆಮಿಟಿ ನ್ಯಾಷನಲ್ ಪಾರ್ಕಿಗೆ ಕರೆದುಕೊಂಡು ಹೋದರೆ ಎಲ್ಲರೂ ನೋಡುವ ಜಲಪಾತ, ಬಂಡೆ ನೋಡಿ "ಚೆನ್ನಾಗಿದೆ" ಅಂದರು, ಅಷ್ಟೇ. ಈ ಗೋಡೆಯ ಮುಂದೆ ಮಾತ್ರ ಕಾಲು ಗಂಟೆ ನಿಂತರು. ಅದು 1870ರ ದಶಕದಲ್ಲಿ ಹುಟ್ಟಿದ ಕುದುರೆ ಗಾಡಿ ರಸ್ತೆಯ ಅಂಚು. ಈಗ ಅಲ್ಲಿ ಗಾಡಿ ಹೋಗಲ್ಲ.

ನಾನು ಮೂರು ವರ್ಷದಿಂದ ಬಿಡುವು ಸಿಕ್ಕಾಗಲೆಲ್ಲ ಈ ಪಾರ್ಕಿನೊಳಗಿನ ಹಳೇ ರಸ್ತೆಗಳನ್ನು ಹುಡುಕುತ್ತಿದ್ದೇನೆ. ಅದರಲ್ಲಿ ಒಂದು ರಸ್ತೆ, ಒಂದು ತುಂಡು, ಒಂದು ತಪ್ಪು ಇವನ್ನು ಪೂರ್ತಿಯಾಗಿ ಇಲ್ಲಿ ಬರೆದಿಡುತ್ತೇನೆ. ರಸ್ತೆಯ ಹೆಸರು ಹಳೇ ಬಿಗ್ ಓಕ್ ಫ್ಲ್ಯಾಟ್ ರಸ್ತೆ. ನನ್ನ ಪ್ರಶ್ನೆ ಒಂದೇ: ಟ್ಯಾಮರಾಕ್ ಫ್ಲ್ಯಾಟ್ ಕ್ಯಾಂಪಿನಿಂದ ಕಣಿವೆಯ ಕಡೆ ಇಳಿಯುವಾಗ, ಈಗಿನ ಕಾಲುದಾರಿ ಬಿಟ್ಟ ಮೇಲೆ, ಆ ರಸ್ತೆ ನೆಲದ ಮೇಲೆ ನಿಜವಾಗಿ ಎಲ್ಲಿದೆ?

ರಸ್ತೆ ಯಾಕೆ ಬಂತು, ಯಾಕೆ ಹೋಯಿತು

1874ರವರೆಗೆ ಯೊಸೆಮಿಟಿ ಕಣಿವೆಗೆ ಗಾಡಿ ಇಳಿಯುತ್ತಿರಲಿಲ್ಲ. ಬರುವವರು ಕೊನೆಯ ಇಳಿಜಾರನ್ನು ಕುದುರೆ ಅಥವಾ ಹೇಸರಗತ್ತೆಯ ಬೆನ್ನ ಮೇಲೆ ಇಳಿಯಬೇಕಿತ್ತು. ಕೆಳಗಿನ ಚಿನ್ನದ ಗಣಿ ಊರುಗಳಿಗೆ ಇದರಲ್ಲಿ ದುಡ್ಡು ಕಂಡಿತು. ಯಾರ ಊರಿನ ಮೇಲೆ ರಸ್ತೆ ಹೋಗುತ್ತದೋ ಆ ಊರಿನ ಹೋಟೆಲ್ಲು, ಲಾಯ, ಅಂಗಡಿ ಬದುಕುತ್ತವೆ. ಕೋಲ್ಟರ್‌ವಿಲ್ ಊರಿನ ಕಡೆಯಿಂದ ಡಾಕ್ಟರ್ ಜಾನ್ ಮೆಕ್ಲೀನ್ ಅವರ ಕಂಪನಿ ಒಂದು ಸುಂಕದ ರಸ್ತೆ ಮಾಡುತ್ತಿತ್ತು. ಬಿಗ್ ಓಕ್ ಫ್ಲ್ಯಾಟ್ ಕಡೆಯವರು ಇನ್ನೊಂದು. ಇವರ ರಸ್ತೆ ಕೆಲವು ವರ್ಷ ಜೆಂಟ್ರಿ ಎಂಬಲ್ಲಿಗೆ ಬಂದು ನಿಂತಿತ್ತು. ಅದು ಕಣಿವೆಯ ಅಂಚು, ಮುಂದೆ ಬರೀ ಪ್ರಪಾತ.

ಮೆಕ್ಲೀನ್ ಅವರ ರಸ್ತೆ 1874ರ ಜೂನ್‌ನಲ್ಲಿ ಕಣಿವೆ ಮುಟ್ಟಿತು. ಬಿಗ್ ಓಕ್ ಫ್ಲ್ಯಾಟಿನದು ಜುಲೈನಲ್ಲಿ. ಒಂದೇ ತಿಂಗಳ ಅಂತರ! ತನಗೊಬ್ಬನಿಗೇ ಹಕ್ಕಿದೆ ಎಂದು ನಂಬಿ ದುಡ್ಡು ಸುರಿದಿದ್ದ ಮೆಕ್ಲೀನ್ ಅವರಿಗೆ ಪಕ್ಕದಲ್ಲೇ ಎರಡನೇ ರಸ್ತೆ ತೆರೆದದ್ದು ದೊಡ್ಡ ಪೆಟ್ಟು. ಮರುವರ್ಷವೇ ದಕ್ಷಿಣದಿಂದ ವಾವೋನಾ ರಸ್ತೆಯೂ ಬಂತು. ಹದಿಮೂರು ತಿಂಗಳಲ್ಲಿ ಮೂರು ರಸ್ತೆ.

ಇವುಗಳನ್ನು ಕಡಿದವರು ಯಾರು ಅನ್ನೋದು ನಕ್ಷೆಯಲ್ಲಿ ಇರಲ್ಲ. ವಾವೋನಾ ರಸ್ತೆಯನ್ನು ಚಳಿಗಾಲದ ಹಿಮದಲ್ಲಿ ಕಡಿದವರಲ್ಲಿ ನೂರಾರು ಚೀನಾ ಕಾರ್ಮಿಕರಿದ್ದರು. 1883ರ ಟಯೋಗ ರಸ್ತೆಯಲ್ಲೂ ಅವರೇ. ಅವರ ಕಥೆ ಹೇಳಲೆಂದು ಪಾರ್ಕಿನವರು ವಾವೋನಾದಲ್ಲಿ ಚೀನಾ ಜನ ಬಟ್ಟೆ ಒಗೆಯುತ್ತಿದ್ದ ಹಳೇ ಕಟ್ಟಡವನ್ನು ಪ್ರದರ್ಶನಕ್ಕೆ ತೆರೆದದ್ದು 2021ರಲ್ಲಿ. ಸುಮಾರು ನೂರೈವತ್ತು ವರ್ಷ ಬೇಕಾಯಿತು. ಅವರಿಗೂ ಮುಂಚೆ ಇಲ್ಲಿನ ಮೂಲನಿವಾಸಿಗಳಾದ ಅಹ್ವಾನೀಚಿ, ಮೋನೋ ಜನ ಈ ಬೆಟ್ಟ ದಾಟುತ್ತಿದ್ದ ದಾರಿಗಳಿದ್ದವು. ಟಯೋಗ ರಸ್ತೆ ಎಷ್ಟೋ ಕಡೆ ಮೋನೋ ದಾರಿಯ ಪಕ್ಕದಲ್ಲೇ ಹೋಗುತ್ತದೆ. ಹಾಗಾಗಿ 'ಮೊದಲ ರಸ್ತೆ' ಅಂತ ಓದಿದಾಗಲೆಲ್ಲ ನಾನು ಮನಸ್ಸಿನಲ್ಲಿ 'ಮೊದಲ ಗಾಡಿ ರಸ್ತೆ' ಅಂತ ತಿದ್ದಿಕೊಳ್ಳುತ್ತೇನೆ.

ರಸ್ತೆ ಒಂದೇ ದಿನ ಸಾಯಲಿಲ್ಲ. 1907ರಲ್ಲಿ ರೈಲು ಪಾರ್ಕಿನ ಅಂಚಿನ ಎಲ್ ಪೋರ್ಟಲ್ ಊರಿನವರೆಗೆ ಬಂತು. ಬೆಟ್ಟದ ಮೇಲೆ ಎರಡು ದಿನ ಗಾಡಿಯಲ್ಲಿ ಕುಲುಕುವ ಬದಲು ಜನ ರೈಲು ಹತ್ತಿದರು. 1913ರಲ್ಲಿ ಪಾರ್ಕಿನೊಳಗೆ ಕಾರುಗಳಿಗೆ ಮತ್ತೆ ಅನುಮತಿ ಸಿಕ್ಕಿತು, ಹಳೇ ರಸ್ತೆಗಳಿಗೆ ಸ್ವಲ್ಪ ಜೀವ ಬಂತು. ಕಡಿದಾದ ಕೊನೆಯ ಇಳಿಜಾರಿಗೆ 'ಜಿಗ್‌ಜ್ಯಾಗ್' ಅಂತಲೇ ಹೆಸರು. ಎದುರುಬದುರು ಎರಡು ಕಾರು ದಾಟುವಷ್ಟು ಜಾಗ ಅಲ್ಲಿರಲಿಲ್ಲ. ಒಂದು ಹೊತ್ತು ಹತ್ತುವವರಿಗೆ, ಒಂದು ಹೊತ್ತು ಇಳಿಯುವವರಿಗೆ ಅಂತ ಗಡಿಯಾರ ನೋಡಿ ಬಿಡುತ್ತಿದ್ದರು. 1926ರಲ್ಲಿ ಮರ್ಸೆಡ್ ನದಿಯ ದಂಡೆಯಲ್ಲಿ ವರ್ಷಪೂರ್ತಿ ಓಡಾಡುವ ಹೆದ್ದಾರಿ ಆಯಿತು. 1940ರಲ್ಲಿ ಮೂರು ಸುರಂಗಗಳಿರುವ ಹೊಸ ಬಿಗ್ ಓಕ್ ಫ್ಲ್ಯಾಟ್ ರಸ್ತೆ ತೆರೆಯಿತು. ಆ ದಶಕದಲ್ಲೇ ಎಲ್ ಕ್ಯಾಪಿಟನ್ ಎಂಬ ಭಾರೀ ಬಂಡೆಯ ಪಶ್ಚಿಮಕ್ಕಿರುವ ಗುಡ್ಡ ಕುಸಿದು ಹಳೇ ರಸ್ತೆಯ ಮೇಲೆ ಬಂಡೆ ಬಿದ್ದವು. ಮತ್ತೆ ತೆರೆಯುವ ಅಗತ್ಯ ಯಾರಿಗೂ ಇರಲಿಲ್ಲ.

ಕೈಯಲ್ಲಿದ್ದ ನಕ್ಷೆಗಳು

ಅಮೆರಿಕದ ಭೂಗರ್ಭ ಸರ್ವೆ ಸಂಸ್ಥೆ 1884ರಿಂದ 2006ರವರೆಗೆ ಛಾಪಿಸಿದ ಹಳೇ ಟೋಪೋಶೀಟುಗಳನ್ನೆಲ್ಲ, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆಗಳನ್ನೆಲ್ಲ, ಸ್ಕ್ಯಾನ್ ಮಾಡಿ ಇಟ್ಟಿದೆ. ಟೋಪೋವ್ಯೂ ಅನ್ನುವ ತಾಣದಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. ಅಕ್ಷಾಂಶ ರೇಖಾಂಶವನ್ನೂ ಅವರೇ ಕೂರಿಸಿರುತ್ತಾರೆ, ಫೋನಿನಲ್ಲಿ ನೇರವಾಗಿ ತೆರೆಯುತ್ತದೆ. ಈ ಹವ್ಯಾಸ ಶುರು ಮಾಡೋಕೆ ಬೇರೇನೂ ಬೇಡ.

ನನ್ನ ಮುಖ್ಯ ಹಾಳೆ 1897ರ ಯೊಸೆಮಿಟಿ ಶೀಟು. ಅದರ ಸ್ಕೇಲ್ ಒಂದು ಲಕ್ಷದ ಇಪ್ಪತ್ತೈದು ಸಾವಿರಕ್ಕೆ ಒಂದು. ಈ ಸಂಖ್ಯೆಯನ್ನು ನಾನು ಆಮೇಲೆ ತುಂಬ ನೆನೆದೆ. ಜೊತೆಗೆ ಈಗಿನ, ಇಪ್ಪತ್ನಾಲ್ಕು ಸಾವಿರಕ್ಕೆ ಒಂದು ಸ್ಕೇಲಿನ ಹಾಳೆಯೂ ಇತ್ತು. ಹಳೇ ಹಾಳೆಯಲ್ಲಿ ಕ್ರೇನ್ ಫ್ಲ್ಯಾಟ್, ಟ್ಯಾಮರಾಕ್ ಫ್ಲ್ಯಾಟ್ ದಾಟಿ ಕಣಿವೆಗೆ ಇಳಿಯುವ ರಸ್ತೆಯ ಗೆರೆ ಇದೆ. ಹೊಸದರಲ್ಲಿ ಅದರ ಒಂದು ಭಾಗ ಕಾಲುದಾರಿಯ ಮುರುಕು ಗೆರೆಯಾಗಿದೆ.

ಮೇಜಿನ ಮೇಲೆ ಈ ಹಾಳೆಗಳನ್ನು ಹರಡಿಕೊಂಡು ಕೂತಾಗ ಅವನ್ನು ಮಾಡಿದವರ ನೆನಪು ಬರದೆ ಇರಲ್ಲ. ಈ ಬೆಟ್ಟಗಳಲ್ಲಿ ಸರ್ವೆ ತಂಡಗಳಿಗೆ ಅಡುಗೆ ಮಾಡುತ್ತಿದ್ದವರು ಟೈ ಸಿಂಗ್ ಎಂಬ ಚೀನಾ ಮೂಲದ ಬಾಣಸಿಗ. ಬೆಳಿಗ್ಗೆ ರೊಟ್ಟಿ ಹಿಟ್ಟು ಕಲಸಿ, ಹೇಸರಗತ್ತೆಯ ಬೆಚ್ಚಗಿನ ಮೈಗೆ ತಾಗುವಂತೆ ಹೊರೆಯಲ್ಲಿ ಕಟ್ಟುತ್ತಿದ್ದರಂತೆ. ಸಂಜೆ ಕ್ಯಾಂಪ್ ಸೇರುವಷ್ಟರಲ್ಲಿ ಹಿಟ್ಟು ಉಬ್ಬಿರುತ್ತಿತ್ತು. ಸರ್ವೆಯವರು 1899ರಲ್ಲಿ ಒಂದು ಶಿಖರಕ್ಕೇ ಅವರ ಹೆಸರಿಟ್ಟರು. ಸಿಂಗ್ ಪೀಕ್ ಇವತ್ತಿಗೂ ನಕ್ಷೆಯಲ್ಲಿದೆ. ಅಪ್ಪನಿಗೆ ಇದು ಹೇಳಿದಾಗ, "ನಮ್ಮ ಸರ್ವೆ ಕ್ಯಾಂಪಿನಲ್ಲೂ ಅಡುಗೆಯವ ಸರಿಯಿದ್ರೆ ಮಾತ್ರ ಕೆಲಸ ಆಗ್ತಿತ್ತು" ಅಂದರು.

ಮೊದಲ ದಿನ: ಸುಲಭದ ಭಾಗ

ಕ್ರೇನ್ ಫ್ಲ್ಯಾಟಿನಿಂದ ಟಯೋಗ ರಸ್ತೆಯಲ್ಲಿ ಸುಮಾರು 6 ಕಿಲೋಮೀಟರ್ ಹೋದರೆ ಬಲಕ್ಕೆ ಟ್ಯಾಮರಾಕ್ ಫ್ಲ್ಯಾಟಿನ ದಾರಿ ಸಿಗುತ್ತದೆ. ಗುಂಡಿಬಿದ್ದ, ಇಕ್ಕಟ್ಟಾದ ಈ 5 ಕಿಲೋಮೀಟರ್ ಕೂಡ ಹಳೇ ರಸ್ತೆಯದೇ ತುಂಡು. ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತದೆ. ಕ್ಯಾಂಪಿನಲ್ಲಿ ನಲ್ಲಿ ನೀರಿಲ್ಲ, ಹಳ್ಳದ ನೀರನ್ನು ಕುದಿಸಿಯೋ ಸೋಸಿಯೋ ಕುಡಿಯಬೇಕು. ಊಟದ ಸಾಮಾನನ್ನೆಲ್ಲ ಕರಡಿಗೆ ತೆಗೆಯೋಕೆ ಆಗದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಬೇಕು. ನಾವು ಸೆಪ್ಟೆಂಬರಿನಲ್ಲಿ ಹೋದೆವು. ಅಪ್ಪ, ನಾನು, ಜೊತೆಗೆ ಕೆಲಸ ಮಾಡುವ ಧಾರವಾಡದ ಗೆಳೆಯ.

ಕ್ಯಾಂಪಿನ ಕೊನೆಯಲ್ಲಿ ಗೇಟು. ಅಲ್ಲಿಂದ ಮುಂದೆ ರಸ್ತೆಯೇ ಕಾಲುದಾರಿ. ಅಗಲ ನೋಡಿದರೆ ಸಾಕು, ಇದು ಮನುಷ್ಯರ ಕಾಲು ಮಾಡಿದ ದಾರಿ ಅಲ್ಲ ಅಂತ ಗೊತ್ತಾಗುತ್ತದೆ. ಪೈನ್ ಎಲೆಗಳ ಹಾಸು ಸರಿಸಿದರೆ ಅಲ್ಲಲ್ಲಿ ಹಳೇ ಡಾಂಬರಿನ ಹಕ್ಕಳೆ ಕಾಣುತ್ತದೆ. ಅಪ್ಪ ಕೈಯಲ್ಲಿ ಒಂದು ಕೋಲು ಹಿಡಿದು ಎಲೆ ಸರಿಸುತ್ತಾ ನಡೆದರು. "ಇದು ಕಟ್ಟಿಂಗ್. ಇಲ್ಲಿಂದ ತೆಗೆದ ಮಣ್ಣು ಆ ಕಡೆ ಫಿಲ್ಲಿಂಗ್ ಆಗಿದೆ. ಫಿಲ್ಲಿಂಗ್ ಜಾರಬಾರದು ಅಂತ ಕಲ್ಲು ಕಟ್ಟಿದಾರೆ." ಗುಡ್ಡದ ಕಡೆ ಚರಂಡಿಯ ಗುರುತು ತೋರಿಸಿದರು. ನಾನು ಅದೇ ದಾರಿಯಲ್ಲಿ ಎರಡು ಸಲ ಓಡಾಡಿದ್ದೆ. ಒಂದು ಚರಂಡಿಯೂ ಕಂಡಿರಲಿಲ್ಲ.

ಆಮೇಲೆ ಅವರು ಮೋರಿ ಎಣಿಸೋಕೆ ಶುರು ಮಾಡಿದರು. ಗುಡ್ಡದ ನೀರು ರಸ್ತೆ ದಾಟುವ ಕಡೆಯಲ್ಲೆಲ್ಲ ಏನಾದರೂ ಇರಲೇಬೇಕು ಅನ್ನೋದು ಅವರ ಲೆಕ್ಕ. ಸಣ್ಣ ತಗ್ಗು ಕಂಡ ಕೂಡಲೇ ರಸ್ತೆಯ ಕೆಳಗಿನ ಅಂಚಿಗೆ ಹೋಗಿ ಬಗ್ಗಿ ನೋಡುವುದು. ಇದ್ದರೆ ನನ್ನ ನಕ್ಷೆಯ ಪ್ರಿಂಟಿನ ಮೇಲೆ ಪೆನ್ಸಿಲಿನಲ್ಲಿ ಒಂದು ಸಣ್ಣ ಅಡ್ಡಗೆರೆ, ಪಕ್ಕದಲ್ಲಿ ನಂಬರು. ಕ್ಯಾಸ್ಕೇಡ್ ಕ್ರೀಕ್ ಹಳ್ಳದ ಸೇತುವೆ ಮುಟ್ಟುವಷ್ಟರಲ್ಲಿ, ಅಂದರೆ ಮೂರೂವರೆ ಕಿಲೋಮೀಟರ್ ಮೇಲೆ ನಡೆಯುವಷ್ಟರಲ್ಲಿ, ಆರು ಗುರುತು ಆಗಿದ್ದವು. ಮೊದಲು ಹೇಳಿದ ಗೋಡೆ ಸಿಕ್ಕಿದ್ದು ಈ ದಾರಿಯಲ್ಲೇ, ನಾಲ್ಕನೇ ಮೋರಿಯ ಹತ್ತಿರ.

ಎರಡನೇ ದಿನ: ಗೆರೆ ಕೈಕೊಟ್ಟಿತು

ಅಪ್ಪ ಸೇತುವೆಯವರೆಗೆ ಬಂದು ಹಳ್ಳದ ಹತ್ತಿರ ಬಂಡೆಯ ಮೇಲೆ ಕೂತರು. ನಾವಿಬ್ಬರು ಮುಂದೆ ಹೊರಟೆವು. ಮಧ್ಯಾಹ್ನ 2ಕ್ಕೆ ವಾಪಸ್ ಅಂತ ಮಾತಾಗಿತ್ತು.

ಸೇತುವೆ ದಾಟಿ ಸ್ವಲ್ಪ ದೂರದಲ್ಲಿ ಎಲ್ ಕ್ಯಾಪಿಟನ್ ತುದಿಗೆ ಹೋಗುವ ಕಾಲುದಾರಿ ಎಡಕ್ಕೆ ಹತ್ತುತ್ತದೆ. ಜನರೆಲ್ಲ ಆ ಕಡೆ ಹೋಗುತ್ತಾರೆ. ಹಳೇ ರಸ್ತೆ ನೇರವಾಗಿ ಇಳಿಯುತ್ತದೆ. ಇದನ್ನು ಯಾರೂ ಸವರಿ ಇಟ್ಟಿಲ್ಲ. ಬಿದ್ದ ಮರ, ಅದರ ಮೇಲೆ ಬಿದ್ದ ಇನ್ನೊಂದು ಮರ, ನಡುರಸ್ತೆಯಲ್ಲಿ ಬೆಳೆದ ಎಳೇ ಸೀಡರ್. ಮೊದಲ ಅರ್ಧ ಗಂಟೆ ರಸ್ತೆ ಸ್ಪಷ್ಟವಾಗಿತ್ತು. ಆಮೇಲೆ ಒಂದು ದೊಡ್ಡ ಮರ ಬುಡಸಮೇತ ಮಗುಚಿ, ರಸ್ತೆಯ ಮಟ್ಟವನ್ನೇ ಎಬ್ಬಿಸಿಕೊಂಡು ಬಿದ್ದಿತ್ತು. ಸುತ್ತು ಹಾಕಿ ಆಚೆ ಬಂದರೆ ರಸ್ತೆ ಇಲ್ಲ.

ನನ್ನ ಫೋನಿನಲ್ಲಿ ಗೆರೆ ಇತ್ತು. ಮನೆಯಲ್ಲಿ ಕೂತು 1897ರ ಹಾಳೆಯ ಮೇಲೆ ನಾನೇ ಎಳೆದುಕೊಂಡಿದ್ದು. ಅದು ಕೆಳಗೆ, ಬಲಕ್ಕೆ ತೋರಿಸುತ್ತಿತ್ತು. ಇಳಿದೆವು. ಇಳಿದದ್ದು ಮ್ಯಾಂಜನೀಟ ಪೊದೆಯೊಳಕ್ಕೆ. ಕೆಂಪು ಕಾಂಡದ ಈ ಗಿಡ ನೋಡೋಕೆ ಚೆಂದ, ನುಗ್ಗೋಕೆ ತಂತಿ ಬೇಲಿ. ಮುಕ್ಕಾಲು ಗಂಟೆ ಅದರೊಳಗೆ ಒದ್ದಾಡಿದೆವು. ಗೆಳೆಯನ ಅಂಗಿಯ ತೋಳು ಹರಿಯಿತು, ನನ್ನ ನೀರಿನ ಬಾಟಲಿ ಎಲ್ಲೋ ಉರುಳಿ ಹೋಯಿತು. ಫೋನ್ ಪ್ರಕಾರ ನಾವು ನಿಂತಿದ್ದು ನಡುರಸ್ತೆಯಲ್ಲಿ.

ಗೆಳೆಯ ಕೂತುಬಿಟ್ಟ. "ಇಲ್ಲಿ ಗಾಡಿ ಹೆಂಗ ಇಳೀತಿತ್ತು? ಕುದರಿ ಕಾಲು ಮುರಕೋತಿತ್ತು" ಅಂದ.

ಆ ಮಾತೇ ದಾರಿ ತೋರಿಸಿತು. ನಾನು ಹೊಸ ಹಾಳೆಯ ಕಾಂಟೂರ್ ಗೆರೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು, ಎಣಿಸಿದೆ. ನನ್ನ ಗೆರೆ 150 ಮೀಟರ್ ದೂರದೊಳಗೆ 60 ಮೀಟರ್ ಕೆಳಗೆ ಇಳಿಯುತ್ತಿತ್ತು. ಘಾಟಿಯಲ್ಲಿ 20 ಮೀಟರಿಗೆ 1 ಮೀಟರ್ ಇಳಿಸೋಕೆ ಪರದಾಡುತ್ತಿದ್ದ ಅಪ್ಪನ ಕಥೆಗಳನ್ನು ಕೇಳಿ ಬೆಳೆದವನು ನಾನು. ಕುದುರೆ ಗಾಡಿಯ ರಸ್ತೆ ಕಾರಿನ ರಸ್ತೆಗಿಂತ ಕಡಿದಾಗಿರಬಹುದು, ನಿಜ. ಆದರೆ ಎರಡೂವರೆಗೆ ಒಂದು? ಸಾಧ್ಯವೇ ಇಲ್ಲ.

ಆಮೇಲೆ ಸ್ಕೇಲಿನ ಲೆಕ್ಕ ನೆನಪಾಯಿತು. ಆ ಹಾಳೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 125 ಮೀಟರ್. ರಸ್ತೆಯ ಗೆರೆಯ ದಪ್ಪವೇ ಹತ್ತಾರು ಮೀಟರ್ ನುಂಗುತ್ತದೆ. ಬೆಟ್ಟದ ತುದಿಗಳನ್ನು ಅಳೆದು, ನಡುವಿನದನ್ನು ಕಣ್ಣಳತೆಯಲ್ಲಿ ಬರೆದ ಕಾಲ ಅದು. ಅದೇ ಸರ್ವೆ ಸಂಸ್ಥೆಯ ಫ್ರಾನ್ಸ್ವಾ ಮ್ಯಾಥೆಸ್ ಅವರು 1905-06ರಲ್ಲಿ ಅಳೆದು 1907ರಲ್ಲಿ ಬಂದ ಕಣಿವೆಯ ನಕ್ಷೆ ಇದಕ್ಕಿಂತ ಐದು ಪಟ್ಟು ದೊಡ್ಡ ಸ್ಕೇಲಿನದು. ಅದನ್ನು ನೋಡಿ ರೂಢಿಯಾದ ಕಣ್ಣಿಗೆ 1897ರ ಹಾಳೆಯೂ ಅಷ್ಟೇ ಖಚಿತ ಅನಿಸಿಬಿಟ್ಟಿತ್ತು. ತಪ್ಪು ನಕ್ಷೆಯದಲ್ಲ. 'ರಸ್ತೆ ಈ ಗುಡ್ಡದ ಈ ಮಗ್ಗುಲಲ್ಲಿ ಇಳಿಯುತ್ತದೆ' ಅಂತ ಮಾತ್ರ ಅದು ಹೇಳಿತ್ತು. ಹೆಜ್ಜೆ ಎಲ್ಲಿಡಬೇಕು ಅಂತ ನಾನು ಕೇಳಿದ್ದೆ.

ಹಾಗಾಗಿ ಫೋನ್ ಜೇಬಿಗೆ ಹಾಕಿ ವಾಪಸ್ ಹತ್ತಿದೆವು, ಮಗುಚಿದ ಮರದವರೆಗೆ. ಖಂಡಿತವಾಗಿ ರಸ್ತೆ ಅಂತ ಗೊತ್ತಿದ್ದ ಕೊನೆಯ ಜಾಗ ಅದು. ಅಲ್ಲಿ ರಸ್ತೆಗೆ ಎಷ್ಟು ಇಳಿಜಾರಿತ್ತೋ ಅಷ್ಟೇ ಇಳಿಜಾರಿನಲ್ಲಿ ಗುಡ್ಡದ ಮಗ್ಗುಲು ಹಿಡಿದು ನಡೆಯೋದು, ಅಷ್ಟೇ ಉಪಾಯ. ಗೆಳೆಯ ಹತ್ತು ಮಾರು ಮೇಲೆ, ನಾನು ಹತ್ತು ಮಾರು ಕೆಳಗೆ. ಮೊದಲು ಏನೂ ಇರಲಿಲ್ಲ. ಪೊದೆ, ಬಂಡೆ, ಪೊದೆ. ಹತ್ತು ನಿಮಿಷ ಆದ ಮೇಲೆ ಗೆಳೆಯ ಕೂಗಿದ.

ಅವನ ಕಾಲ ಕೆಳಗೆ ಪಾಚಿ ಹಿಡಿದ ಕಲ್ಲಿನ ಸಾಲು. ಮೇಲಿನ ಎರಡು ವರಸೆ ಜಾರಿ ಹೋಗಿತ್ತು, ಕೆಳಗಿನ ನಾಲ್ಕು ನಿಂತಿತ್ತು. ದೊಡ್ಡ ಕಲ್ಲುಗಳ ಸಂದಿಗೆ ಚಕ್ಕೆಗಲ್ಲು ಬಡಿದು ಕೂರಿಸಿದ್ದರು, ನಿನ್ನೆ ಅಪ್ಪ ತೋರಿಸಿದ ಹಾಗೇ. ನಾನೂ ಬೆರಳು ತೂರಿಸಿದೆ. ಗಾರೆ ಇಲ್ಲ. ಗೋಡೆಯ ನಡುವೆ ಎರಡು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಚೌಕ ಬಾಯಿ. ಒಣ ಎಲೆ ತುಂಬಿಕೊಂಡಿತ್ತು, ಆದರೂ ಒಳಗಿನಿಂದ ತಣ್ಣನೆ ಗಾಳಿ ಬರುತ್ತಿತ್ತು. ಮೋರಿ! ಪಕ್ಕದಲ್ಲಿ ಅರ್ಧ ಹೂತ, ತುಕ್ಕು ಹಿಡಿದ ಒಂದು ಡಬ್ಬ. ಅದನ್ನು ಫೋಟೋ ತೆಗೆದು ಅಲ್ಲೇ ಬಿಟ್ಟೆವು. ಪಾರ್ಕಿನೊಳಗೆ ಹಳೇ ವಸ್ತು ಮುಟ್ಟೋದು, ಎತ್ತೋದು ಕಾನೂನಿಗೆ ವಿರುದ್ಧ. ಕಾನೂನು ಇಲ್ಲದಿದ್ದರೂ ಅದನ್ನು ಎತ್ತಬಾರದು. ಜಾಗದಿಂದ ಎತ್ತಿದ ಡಬ್ಬ ಬರೀ ತಗಡು, ಇದ್ದ ಜಾಗದಲ್ಲಿ ಅದು ಯಾರೋ ಇಲ್ಲಿ ಕೂತು ಉಂಡಿದ್ದರು ಅನ್ನೋದಕ್ಕೆ ಸಾಕ್ಷಿ.

ಮನೆಗೆ ಬಂದ ಮೇಲೆ ಅಳೆದೆ. ಗೋಡೆ ಸಿಕ್ಕ ಜಾಗ ನನ್ನ ಗೆರೆಗಿಂತ 90 ಮೀಟರ್ ಈಚೆಗೆ. ಆ ಹಾಳೆಯ ಮೇಲೆ ಅದು ಮುಕ್ಕಾಲು ಮಿಲಿಮೀಟರೂ ಅಲ್ಲ. ಸರ್ವೆಯವರು ಪೆನ್ನಿನ ತುದಿಯಷ್ಟು ಮಾತ್ರ ಆಚೀಚೆ ಆಗಿದ್ದರು.

ಇನ್ನೊಂದು ಸಲ ಹೋಗುವುದಾದರೆ

ಈಗ ನಾನು ಕ್ರಮ ಬದಲಾಯಿಸಿದ್ದೇನೆ. ಹಳೇ ಹಾಳೆಯ ಗೆರೆಯನ್ನು ಗೆರೆಯಾಗಿ ಎಳೆಯಲ್ಲ, 250 ಮೀಟರ್ ಅಗಲದ ಪಟ್ಟಿಯಾಗಿ ಬಣ್ಣ ಹಚ್ಚುತ್ತೇನೆ. ಆ ಪಟ್ಟಿಯೊಳಗೆ ಗಾಡಿ ಇಳಿಯಬಹುದಾದ ಇಳಿಜಾರು ಎಲ್ಲಿದೆ ಅಂತ ಹೊಸ ಹಾಳೆಯ ಕಾಂಟೂರಿನಲ್ಲಿ ನೋಡುತ್ತೇನೆ. ಕೊನೆಗೆ ಲೈಡಾರ್ ಚಿತ್ರ. ವಿಮಾನದಿಂದ ಲೇಸರ್ ಬಿಟ್ಟು, ಮರಗಳನ್ನೆಲ್ಲ ಲೆಕ್ಕದಲ್ಲಿ ತೆಗೆದುಹಾಕಿ ಬರೀ ನೆಲವನ್ನು ತೋರಿಸುವ ಚಿತ್ರ ಅದು. ಅದೇ ಸರ್ವೆ ಸಂಸ್ಥೆ ಇದನ್ನೂ ಪುಕ್ಕಟೆ ಕೊಡುತ್ತದೆ. ಮೊದಲೇ ನೋಡಿದ್ದರೆ ಮ್ಯಾಂಜನೀಟ ತಪ್ಪುತ್ತಿತ್ತು. ಗುಡ್ಡದ ಮೈಮೇಲೆ ಉಗುರಿನಲ್ಲಿ ಗೀರಿದ ಹಾಗೆ ಹಳೇ ರಸ್ತೆ ಕಾಣುತ್ತದೆ, ಅದೇ ಗೋಡೆಯ ಜಾಗ ದಾಟಿಕೊಂಡೇ ಹೋಗುತ್ತದೆ.

ಆದರೆ ಲೈಡಾರ್ ಒಂದನ್ನೇ ನಂಬಿ ಹೋಗುವುದನ್ನೂ ನಾನು ಒಪ್ಪಲ್ಲ. ಗೀರು ಕಂಡದ್ದೆಲ್ಲ 1874ರದ್ದಲ್ಲ. ಮರ ಸಾಗಿಸಿದ ಜಾಡು, ಬೆಂಕಿ ಆರಿಸೋಕೆ ಬುಲ್ಡೋಜರ್ ಮಾಡಿದ ಜಾಡು ಎಲ್ಲವೂ ಹಾಗೇ ಕಾಣುತ್ತವೆ. ಈ ಕಡೆ ಕಾಳ್ಗಿಚ್ಚು ಹೊಸದಲ್ಲ. 1990ರಲ್ಲಿ ಫೊರೆಸ್ಟ ಎಂಬ ಸಣ್ಣ ಊರು ಸುಟ್ಟಿತು, 2013ರಲ್ಲಿ ರಿಮ್ ಫೈರ್ ಎಂಬ ಕಾಳ್ಗಿಚ್ಚು ಪಾರ್ಕಿನ ಪಶ್ಚಿಮ ಭಾಗದೊಳಗೆ ದೂರದವರೆಗೆ ಬಂತು. ಯಾವ ಜಾಡು ಯಾವ ಕಾಲದ್ದು ಅಂತ ಹೇಳೋಕೆ ಹಳೇ ಹಾಳೆಯೇ ಬೇಕು.

ಕೂಡಲೇ ಒಂದು ಹಳೇ ರಸ್ತೆ ನೋಡಬೇಕು ಅನ್ನುವವರಿಗೆ ಪೊದೆ ನುಗ್ಗುವ ಕಷ್ಟ ಬೇಡ. ಕ್ರೇನ್ ಫ್ಲ್ಯಾಟಿನ ಹತ್ತಿರ ಟುವಾಲಮಿ ಗ್ರೋವಿಗೆ ಇಳಿಯುವ ಒಂದೂವರೆ ಕಿಲೋಮೀಟರ್ ದಾರಿಯೂ ಹಳೇ ಬಿಗ್ ಓಕ್ ಫ್ಲ್ಯಾಟ್ ರಸ್ತೆಯೇ. 1993ರಿಂದ ಅಲ್ಲಿ ವಾಹನ ಬಿಡುತ್ತಿಲ್ಲ. ಕೆಳಗೆ ದೈತ್ಯ ಸಿಕೋಯ ಮರಗಳಿವೆ. ಸತ್ತ ಒಂದು ಸಿಕೋಯದ ಬುಡದಲ್ಲಿ 1878ರಲ್ಲಿ ಗಾಡಿ ಹೋಗುವಷ್ಟು ದೊಡ್ಡ ಕಿಂಡಿ ಕೊರೆದಿದ್ದಾರೆ. ಹಿಂದೆ ಬರುವಾಗ ಏರು ಜಾಸ್ತಿ, ವಯಸ್ಸಾದವರು ನಿಧಾನಕ್ಕೆ ಬರಬೇಕು.

ನಮ್ಮ ರಸ್ತೆಯ ವಿಷಯಕ್ಕೆ ಬಂದರೆ, ಗೋಡೆಯಿಂದ ಮುಂದೆ ಮತ್ತೆ ಅದು ಕಳೆಯಲಿಲ್ಲ. ಒಂದು ತಿರುವಿನಲ್ಲಿ ಮರ ಸರಿದು ಕಣಿವೆ ಕಂಡಿತು, ಕೆಳಗೆ ಮರ್ಸೆಡ್ ನದಿಯ ಹೊಳಪು. ಅಲ್ಲಿಂದ ಸ್ವಲ್ಪದರಲ್ಲೇ ಬಂಡೆಗಳ ರಾಶಿ ಶುರುವಾಯಿತು. ಮನೆಯಷ್ಟು ದೊಡ್ಡವು, ಕಾರಿನಷ್ಟು ದೊಡ್ಡವು, ಒಂದರ ಮೇಲೊಂದು. ರಸ್ತೆ ನೆಟ್ಟಗೆ ಅದರ ಕೆಳಗೆ ಹೋಗುತ್ತದೆ. ಬಂಡೆ ಹತ್ತಿ ಆಚೆ ಹೋಗುವವರಿದ್ದಾರೆ. ನಾವು ಹೋಗಲಿಲ್ಲ. ಗಂಟೆ ಒಂದಾಗಿತ್ತು, ನನ್ನ ಹತ್ತಿರ ನೀರಿರಲಿಲ್ಲ, ಅಪ್ಪ ಹಳ್ಳದ ಹತ್ತಿರ ಒಬ್ಬರೇ ಕೂತಿದ್ದರು.

ಸೇತುವೆ ಮುಟ್ಟಿದಾಗ ಎರಡೂಕಾಲು. ಅಪ್ಪ ತಡವಾಯಿತು ಅಂತ ಬೈಯಲಿಲ್ಲ. ಪ್ರಿಂಟು ಮಡಿಲಲ್ಲೇ ಇತ್ತು, ಪೆನ್ಸಿಲ್ ಕಿವಿಯ ಹಿಂದೆ.

"ಎಷ್ಟು ಮೋರಿ ಸಿಕ್ಕಿತು?" ಅಂದರು.

"ಒಂದೇ."

"ಎಲ್ಲಿ, ತೋರಿಸು."

ಗೋಡೆಯ ಜಾಗಕ್ಕೆ ಬೆರಳಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಅಡ್ಡಗೆರೆ ಎಳೆದು ಪಕ್ಕದಲ್ಲಿ 7 ಅಂತ ಬರೆದರು. ಆಮೇಲೆ ಆರಕ್ಕೂ ಏಳಕ್ಕೂ ನಡುವಿನ ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡಿ, "ಇಷ್ಟು ದೂರಕ್ಕೆ ಒಂದೇ ಇರೋಕೆ ಸಾಧ್ಯ ಇಲ್ಲ, ನೀವು ಸರಿ ನೋಡಿಲ್ಲ" ಅಂದರು.